ನಿಮ್ಮ ತೂಕ ಇಳಿಸುವ ಮುಂಚೆ ಮಗುವಿನ ತೂಕ ನೋಡಿ

"ಸಿಸ್ಟರ್, ಡಯಟ್ ಶುರು ಮಾಡಿದರೆ ಹಾಲು ಬತ್ತಿಹೋಗುತ್ತಾ?"

ಮಕ್ಕಳ ತೂಕ ನೋಡಿ ಲಸಿಕೆ ಹಾಕುವ ಕೆಲಸ ನನ್ನದು. ಈ ಪ್ರಶ್ನೆಯನ್ನು ಕುರ್ಚಿಯಲ್ಲಿ ಕೂತಿದ್ದಾಗ ಯಾರೂ ಕೇಳುವುದಿಲ್ಲ. ಎದ್ದು ಹೊರಟ ಮೇಲೆ, ಮಗುವಿನ ಟೋಪಿ ಸರಿಮಾಡುತ್ತಾ, ದನಿ ತಗ್ಗಿಸಿ ಕೇಳುತ್ತಾರೆ. ಹಾಲೂಡಿಸುವವಳು ತನ್ನ ತೂಕದ ಬಗ್ಗೆ ಯೋಚಿಸುವುದೇ ತಪ್ಪೇನೋ ಎನ್ನುವ ಹಾಗೆ. ತಪ್ಪೇನಿಲ್ಲ. ನಿಧಾನವಾಗಿ ಇಳಿಸಿದರೆ ಹಾಲು ಬತ್ತುವುದೂ ಇಲ್ಲ. ಆದರೆ ಲೆಕ್ಕ ಇಡಬೇಕಾದದ್ದು ಮೊದಲು ಮಗುವಿನ ತೂಕದ್ದು, ಆಮೇಲೆ ನಿಮ್ಮದು.

ಮೊದಲ ಎರಡು ತಿಂಗಳು ಡಯಟ್ ಮಾತೇ ಬೇಡ. ಹೆರಿಗೆಯ ಗಾಯ ಮಾಯಬೇಕು, ಹಾಲೂಡಿಸುವುದು ಇಬ್ಬರಿಗೂ ರೂಢಿಯಾಗಬೇಕು. ಅಷ್ಟರಲ್ಲಿ ಒಂದಿಷ್ಟು ತೂಕ ತಾನಾಗಿಯೇ ಇಳಿದಿರುತ್ತದೆ. ಬರೀ ಎದೆಹಾಲು ಕುಡಿಯುವ ಮಗು ದಿನಕ್ಕೆ ಸುಮಾರು 750 ಮಿಲಿಲೀಟರ್ ಕುಡಿಯುತ್ತದೆ. ಅಷ್ಟು ಹಾಲಿಗೆ ದೇಹಕ್ಕೆ ಹೆಚ್ಚೂಕಡಿಮೆ 500 ಕ್ಯಾಲೊರಿ ಖರ್ಚು. ಅದರಲ್ಲಿ ಒಂದು ಪಾಲು ಬಸಿರಿನಲ್ಲಿ ಕೂಡಿಟ್ಟ ಕೊಬ್ಬಿನಿಂದಲೇ ಬರುತ್ತದೆ. ಹಾಗೆಂದು "ಹಾಲೂಡಿಸು ಸಾಕು, ತೆಳ್ಳಗಾಗುತ್ತೀಯ" ಎನ್ನುವವರ ಮಾತನ್ನು ಪೂರ್ತಿ ನಂಬಬೇಡಿ. ಹಾಲೂಡಿಸುವವರ ಹಸಿವು ಅಂತಿಂಥದ್ದಲ್ಲ. ಕೆಲವರಿಗೆ ಏನೂ ಇಳಿಯುವುದಿಲ್ಲ, ಅದು ಸೋಮಾರಿತನವಲ್ಲ.

ಎಷ್ಟು ವೇಗ? ವಾರಕ್ಕೆ ಅರ್ಧ ಕಿಲೋ, ಅದಕ್ಕಿಂತ ಹೆಚ್ಚು ಬೇಡ. 2000ನೇ ಇಸವಿಯಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ತೂಕ ಹೆಚ್ಚಿದ್ದ ತಾಯಂದಿರು ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದು, ವಾರದಲ್ಲಿ 4 ದಿನ 45 ನಿಮಿಷ ವ್ಯಾಯಾಮ ಮಾಡಿ, 10 ವಾರ ಇದೇ ಗತಿಯಲ್ಲಿ ತೂಕ ಇಳಿಸಿದರು. ಅವರ ಮಕ್ಕಳು ಉಳಿದ ಮಕ್ಕಳಷ್ಟೇ ಬೆಳೆದವು. ಇದು ತೂಕ ಹೆಚ್ಚಿದ್ದವರ ಮಾತು, ನೆನಪಿರಲಿ. ಮೊದಲೇ ಸಣಕಲಾಗಿದ್ದು, ಹೊಟ್ಟೆಯೊಂದು ಮಾತ್ರ ಮುಂದೆ ಬಂದಿದೆ ಎಂದು ಕೊರಗುವವರಿಗೆ ಊಟ ಕಡಿಮೆ ಮಾಡಿ ಎಂದು ನಾನು ಹೇಳುವುದಿಲ್ಲ. ಉಳಿದವರಿಗೂ ದಿನಕ್ಕೆ 1800 ಕ್ಯಾಲೊರಿಗಿಂತ ಕೆಳಗಿಳಿಯುವುದು ಬೇಡ.

ಕಡಿತ ಎಲ್ಲಿ? ಹೊತ್ತಿನ ಊಟಕ್ಕೆ ಕೈ ಹಾಕಬೇಡಿ. ಮೂರು ದಿನ ತಿಂದದ್ದನ್ನೆಲ್ಲ ಬರೆದಿಡಿ, ಕ್ಯಾಲೊರಿ ಎಲ್ಲಿಂದ ಬರುತ್ತಿದೆ ಎಂದು ತಾನಾಗಿಯೇ ಕಾಣುತ್ತದೆ. ಬಹಳಷ್ಟು ಸಲ ಅದು ರಾತ್ರಿ ಎರಡು ಗಂಟೆಯ ಬಿಸ್ಕೆಟ್ಟು. ಮಗು ಒಂದು ತೋಳಿನಲ್ಲಿದೆ, ಹೊಟ್ಟೆ ಚುರುಗುಟ್ಟುತ್ತಿದೆ, ಒಂದೇ ಕೈಗೆ ಸುಲಭವಾಗಿ ಸಿಗುವುದು ಆ ಪೊಟ್ಟಣ. ಮನಸ್ಸು ಗಟ್ಟಿಮಾಡಿಕೊಂಡರೆ ಇದು ನಿಲ್ಲುವುದಿಲ್ಲ. ಸಂಜೆಯೇ ಬೇಯಿಸಿ ಸುಲಿದ ಮೊಟ್ಟೆ, ಹುರಿದ ಕಡಲೆಕಾಯಿ, ಹೆಚ್ಚಿದ ಹಣ್ಣು ಒಂದೇ ಕೈಯಲ್ಲಿ ತೆರೆಯುವ ಡಬ್ಬಿಯಲ್ಲಿ ಸಿದ್ಧವಾಗಿರಲಿ. ಸಕ್ಕರೆ ಪಾನೀಯ, ಕರಿದದ್ದು ಇವೆರಡನ್ನು ಬಿಟ್ಟರೇ ಎಷ್ಟೋ ಜನಕ್ಕೆ ಅರ್ಧ ಕೆಲಸ ಮುಗಿಯುತ್ತದೆ. ಪ್ರತಿ ಊಟದಲ್ಲೂ ಬೇಳೆಕಾಳು, ಮೊಟ್ಟೆ, ಹಾಲು-ಮೊಸರು, ಮೀನು-ಮಾಂಸ, ಇವುಗಳಲ್ಲಿ ಒಂದಾದರೂ ಇರಲಿ. ಹಾಲು-ಮೊಸರನ್ನೂ ಮುಟ್ಟದ ಸಸ್ಯಾಹಾರಿಗಳು ಬಿ12 ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಅನ್ನ-ರೊಟ್ಟಿ ಬಹುತೇಕ ಬಿಟ್ಟು ಕೊಬ್ಬನ್ನೇ ಹೆಚ್ಚು ತಿನ್ನುವ ಕೀಟೊ ಡಯಟ್, ದಿನಗಟ್ಟಲೆ ಉಪವಾಸ, ತೂಕ ಇಳಿಸುವ ಮಾತ್ರೆ ಮತ್ತು ಇಂಜೆಕ್ಷನ್ ಈಗ ಬೇಡವೇ ಬೇಡ. ನೀರಿನದು ಸಣ್ಣ ವಿಷಯ: ಬಾಯಾರಿದಾಗ ಕುಡಿದರೆ ಸಾಕು, ಬಲವಂತವಾಗಿ ಲೀಟರುಗಟ್ಟಲೆ ಕುಡಿದರೆ ಹಾಲು ಹೆಚ್ಚುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಡಯಟ್ ಮಾಡಿ ಹಾಲು ಕಡಿಮೆಯಾಯಿತು ಎಂದು ಬರುವವರ ದಿನಚರಿ ಕೆದಕಿದರೆ, ನನಗೆ ಹೆಚ್ಚಾಗಿ ಸಿಗುವುದು ಊಟದ ಕೊರತೆಯಲ್ಲ, ತಪ್ಪಿಹೋದ ಹಾಲೂಟಗಳು. ಜಿಮ್ಮಿಗೆ ಹೋದ ಹೊತ್ತಿಗೆ ಒಂದು ಬಾಟಲಿ, ನಿದ್ದೆ ಕೆಡಬಾರದೆಂದು ರಾತ್ರಿ ಇನ್ನೊಂದು, ಅತ್ತಾಗ ಬಾಯಿಗೆ ಚೀಪುವ ರಬ್ಬರ್ ನಿಪ್ಪಲ್. ಎದೆಯಿಂದ ಹಾಲು ಹೊರಬಂದಷ್ಟೇ ಹೊಸದು ತಯಾರಾಗುತ್ತದೆ. ತುಂಬಿ ನಿಂತ ಹಾಲೇ ತಯಾರಿಯನ್ನು ತಗ್ಗಿಸುತ್ತದೆ. ಹಾಲು ತಯಾರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ರಾತ್ರಿ ಹೆಚ್ಚಿರುತ್ತದೆ, ಹಾಗಾಗಿ ಆ ಹೊತ್ತಿನ ಹಾಲೂಟವನ್ನು ಅವಸರದಿಂದ ಬಿಡಿಸಬೇಡಿ. ಎದೆ ಕೊಡಲಾಗದೆ ಬಾಟಲಿ ಕೊಟ್ಟರೆ, ಅದೇ ಹೊತ್ತಿಗೆ ಪಂಪ್ ಮಾಡಿ ಇಲ್ಲವೇ ಕೈಯಿಂದ ಹಿಂಡಿ ತೆಗೆಯಿರಿ.

ವ್ಯಾಯಾಮದಿಂದ ಹಾಲು ಹುಳಿಯಾಗುತ್ತದೆ ಎನ್ನುವುದು ಸುಳ್ಳು. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಒಳ್ಳೆಯ ಗುರಿ. ಸಿಸೇರಿಯನ್ ಆಗಿದ್ದರೆ ವೈದ್ಯರು ಒಪ್ಪಿದ ಮೇಲಷ್ಟೇ. ಹೊರಡುವ ಮುಂಚೆ ಹಾಲೂಡಿಸಿಬಿಡಿ, ಎದೆ ಹಗುರವಾಗಿರುತ್ತದೆ. ಬ್ರಾ ಆಧಾರ ಕೊಡಲಿ, ಬಿಗಿದು ಹಿಸುಕುವಂತಿದ್ದರೆ ಹಾಲು ಕಟ್ಟಿಕೊಂಡೀತು.

ಮಗುವಿಗೆ ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಅದರ ಗದ್ದ ನೋಡಿ. ಮೊದಲು ಬೇಗಬೇಗ ಚೀಪುತ್ತದೆ. ಹಾಲು ಇಳಿದ ಮೇಲೆ ಗದ್ದ ಆಳಕ್ಕೆ ಇಳಿದು, ಬಾಯಿ ಅಗಲವಾಗಿ ತೆರೆದಾಗ ಒಂದು ಕ್ಷಣ ನಿಂತು, ಆಮೇಲೆ ಮುಚ್ಚುತ್ತದೆ. ಆ ನಿಲುಗಡೆಯಲ್ಲಿ ಒಂದು ಗುಟುಕು ಬಾಯಿ ತುಂಬಿರುತ್ತದೆ. ಕಿವಿಗೊಟ್ಟರೆ ನುಂಗುವ ಸಣ್ಣ ಸದ್ದೂ ಕೇಳುತ್ತದೆ. ದಿನಕ್ಕೆ 6 ಅಥವಾ ಹೆಚ್ಚು ಸಲ ಚೆನ್ನಾಗಿ ಉಚ್ಚೆ ಮಾಡಬೇಕು. ಮೊದಲ ಮೂರ್ನಾಲ್ಕು ತಿಂಗಳು ವಾರಕ್ಕೆ ಸುಮಾರು 150ರಿಂದ 200 ಗ್ರಾಂ ತೂಕ ಏರುತ್ತದೆ, ಆಮೇಲೆ ನಿಧಾನವಾಗುತ್ತದೆ. ಒಂದೇ ಯಂತ್ರದಲ್ಲಿ, ಬಟ್ಟೆ ತೆಗೆದು ತೂಗಿಸಿ. ದಿನಾ ತೂಗಿ ತಲೆ ಕೆಡಿಸಿಕೊಳ್ಳುವವರನ್ನು ನಾನು ಗದರುತ್ತೇನೆ.

ಎದೆ ಮೆತ್ತಗಾಗಿದೆ, ಸೋರುವುದು ನಿಂತಿದೆ, ಪಂಪಿನಲ್ಲಿ ಕಡಿಮೆ ಬಂತು, ಸಂಜೆ ಬಿಟ್ಟೂಬಿಡದೆ ಕುಡಿಯುತ್ತದೆ: ಇವು ಯಾವುವೂ ಹಾಲು ಕಡಿಮೆಯಾದ ಸಾಕ್ಷಿಯಲ್ಲ. ಉಚ್ಚೆ ಕಡಿಮೆಯಾದರೆ ಅಥವಾ ತೂಕ ನಿಂತರೆ ಡಯಟ್ ಅಂದೇ ನಿಲ್ಲಿಸಿ, ಹೊಟ್ಟೆ ತುಂಬ ಉಣ್ಣಿ, ಎರಡೂ ಎದೆ ಬದಲಿಸಿ ಬದಲಿಸಿ ಕೊಡಿ, ತಡಮಾಡದೆ ವೈದ್ಯರಿಗೆ ತೋರಿಸಿ. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ, ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆ ತೆಗೆದುಕೊಂಡಿದ್ದರೆ ಹೇಳಿ, ಎರಡೂ ಹಾಲು ತಗ್ಗಿಸಬಲ್ಲವು. ವಿಪರೀತ ಸುಸ್ತು, ಕಾರಣವಿಲ್ಲದೆ ಏರುವ ಅಥವಾ ಇಳಿಯುವ ತೂಕ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಹೆರಿಗೆಯಾದ ವರ್ಷದಲ್ಲಿ ಅದು ಏರುಪೇರಾಗುವುದುಂಟು.

ಆರು ತಿಂಗಳಾಗಿ ಮಗು ಮೇಲಾಹಾರ ತಿನ್ನತೊಡಗಿದ ಮೇಲೆ ಹಾಲು ಕುಡಿಯುವುದು ನಿಧಾನಕ್ಕೆ ಕಡಿಮೆಯಾಗುತ್ತದೆ, ನಿಮ್ಮ ಕ್ಯಾಲೊರಿ ಖರ್ಚೂ ಕಡಿಮೆಯಾಗುತ್ತದೆ. ಹಸಿವು ಮಾತ್ರ ಹಳೇ ಲೆಕ್ಕದಲ್ಲೇ ಇರುತ್ತದೆ. ಇಳಿದ ತೂಕ ಎಷ್ಟೋ ಜನಕ್ಕೆ ವಾಪಸ್ ಬರುವುದು ಆಗಲೇ, ಹಾಗಾಗಿ ತಿಂದದ್ದನ್ನು ಬರೆದಿಡುವ ಕೆಲಸವನ್ನು ಆಗ ಇನ್ನೊಮ್ಮೆ ಮಾಡಿ.