ನೀರು ಕೊನೆಗೆ: ಕೆಂಪು ಧೂಳು ಹಿಡಿದ ಕಾರಿನ ಒಳಗೆ ಕ್ಲೀನ್ ಮಾಡುವುದು ಹೇಗೆ?

ಕಾಸರಗೋಡಿನ ಕಡೆ ಕಾರು ಓಡಿಸುವವರಿಗೆ ಧೂಳಿನ ಪರಿಚಯ ಮಾಡಿಸಬೇಕಾಗಿಲ್ಲ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿ ಅಗಲವಾಗುವಷ್ಟು ಕಾಲ ನಾವೆಲ್ಲ ತಿಂದದ್ದು ಅದನ್ನೇ ಅಲ್ವಾ? ಹೆದ್ದಾರಿ ಬಿಟ್ಟು ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಒಳರಸ್ತೆಗೆ ಇಳಿದರೆ ಎದುರಿಗೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಲಾರಿ. ಅಲ್ಲಿಂದ ಮನೆಗೆ ಹೋಗುವ ದಾರಿ ಕೆಂಪು ಮಣ್ಣಿನದ್ದು. ಗ್ಲಾಸ್ ಏರಿಸಿಕೊಂಡೇ ಬಂದರೂ ಬಾಗಿಲು ತೆಗೆದಾಗ ಅರ್ಧ, ಚಪ್ಪಲಿಯಲ್ಲಿ ಅರ್ಧ ಒಳಗೆ ಬಂದೇ ಬರುತ್ತದೆ.

ಈ ಧೂಳಿಗೆ ಒಂದು ಗುಣ ಇದೆ. ಮುರಕಲ್ಲು ಕೆಂಪಾಗಿರುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡ್‌ನಿಂದ. ಒಣಗಿದ್ದಾಗ ಬ್ರಷ್ ತಾಗಿದರೆ ಸಾಕು, ಬಿಟ್ಟುಹೋಗುತ್ತದೆ. ನೀರು ತಾಗಿತೋ, ಕೆಸರಾಗಿ ಸೀಟಿನ ಹೊಲಿಗೆಯೊಳಗೆ, ಡ್ಯಾಶ್‌ಬೋರ್ಡಿನ ಒರಟು ಪ್ಲಾಸ್ಟಿಕ್ಕಿನ ಸಂದಿಯೊಳಗೆ ಹೋಗಿ ಕೂರುತ್ತದೆ. ಬಿಳಿ ಪಂಚೆಗೆ ಕೆಂಪು ಮಣ್ಣು ತಾಗಿಸಿಕೊಂಡವರಿಗೆ ಬೇರೆ ವಿವರಣೆ ಬೇಡ. ಆದರೂ ಹೆಚ್ಚಿನವರು ಮಾಡುವುದು ಏನು? ಬಕೆಟ್ಟಿಗೆ ನೀರು ಹಿಡಿದು, ಬಟ್ಟೆ ಅದ್ದಿ, ನೇರ ಡ್ಯಾಶ್‌ಬೋರ್ಡ್ ಉಜ್ಜುವುದು. ಅದೇ ಬೇಡ ಅಂತ ಹೇಳುವುದು. ಒಣ ಕೆಲಸ ಪೂರ್ತಿ ಮುಗಿಯಲಿ, ನೀರು ಆಮೇಲೆ.

ಸಾಮಾನು ಜಾಸ್ತಿ ಬೇಡ. ವ್ಯಾಕ್ಯೂಮ್ ಕ್ಲೀನರ್, ಒಂದೂವರೆ ಇಂಚಿನ ಮೆತ್ತಗಿನ ಪೇಂಟ್ ಬ್ರಷ್, ಹಳೆಯ ಟೂತ್‌ಬ್ರಷ್, ಮೂರು ನಾಲ್ಕು ಮೈಕ್ರೋಫೈಬರ್ ಬಟ್ಟೆ, ಸ್ವಲ್ಪ ಶಾಂಪೂ. ಹಳೆಯ ಬೈರಾಸು (ಟವೆಲ್) ಬೇಡ, ಅದರ ನೂಲು ಡ್ಯಾಶ್‌ಬೋರ್ಡ್ ಮೇಲೆ ಉಳಿಯುತ್ತದೆ. ಕಾರನ್ನು ನೆರಳಿಗೆ ತನ್ನಿ. ಬಿಸಿ ಪ್ಲಾಸ್ಟಿಕ್ ಮೇಲೆ ಸಾಬೂನು ನೀರು ಒರೆಸುವ ಮೊದಲೇ ಒಣಗಿ ಕಲೆ ಬೀಳುತ್ತದೆ. ತೆಂಗಿನ ಮರದ ನೆರಳು ಮಾತ್ರ ಬೇಡ, ಯಾಕೆ ಅಂತ ಹೇಳಬೇಕಾ?

ಮ್ಯಾಟ್ ಎಲ್ಲ ಹೊರಗೆ ತೆಗೆದು ಕೊಡವಿ. ನಾಲ್ಕೂ ಬಾಗಿಲು ತೆರೆದಿಟ್ಟು, ಎಸಿ ಆಫ್ ಇರುವಾಗಲೇ ಗಾಳಿ ಬರುವ ಜಾಲರಿಯ ಎಲೆಗಳ ನಡುವೆ ಬ್ರಷ್ ಆಡಿಸಿ. ಆಮೇಲೆ ಬ್ಲೋವರ್ ಫುಲ್ ಇಟ್ಟು ಸ್ವಲ್ಪ ಹೊತ್ತು ದೂರ ನಿಲ್ಲಿ. ಒಳಗಿದ್ದದ್ದೆಲ್ಲ ಹೊರಗೆ ಬಂದು ಸೀಟಿನ ಮೇಲೆ ಬೀಳುತ್ತದೆ. ಬೀಳಲಿ, ಅದಕ್ಕೇ ಇದನ್ನು ಮೊದಲು ಮಾಡುವುದು.

ಇನ್ನು ಮೇಲಿನಿಂದ ಕೆಳಗೆ. ಚಾವಣಿಯ ಬಟ್ಟೆಯನ್ನು ಹಗುರ ಕೈಯಲ್ಲಿ ಬ್ರಷ್ ಮಾಡಿದರೆ ಸಾಕು, ಒದ್ದೆ ಮಾಡಿ ತಿಕ್ಕಿದರೆ ಅಂಟು ಬಿಟ್ಟು ಜೋತುಬೀಳುತ್ತದೆ. ಡ್ಯಾಶ್‌ಬೋರ್ಡಿಗೆ ಬಂದಾಗ ಎಡಗೈಯಲ್ಲಿ ಬ್ರಷ್, ಬಲಗೈಯಲ್ಲಿ ವ್ಯಾಕ್ಯೂಮಿನ ಪೈಪು. ಬ್ರಷ್ ಧೂಳು ಎಬ್ಬಿಸಬೇಕು, ಅದು ಇನ್ನೊಂದು ಕಡೆ ಕೂರುವ ಮೊದಲು ಪೈಪು ಎಳೆದುಕೊಳ್ಳಬೇಕು. ಬಟನ್ನುಗಳ ಸುತ್ತ, ಸ್ಟೇರಿಂಗಿನ ಹಿಂದೆ, ಗೇರಿನ ಬುಡದ ಮಡಿಕೆಯಲ್ಲಿ ಇದೇ ಕ್ರಮ. ಕಪ್ಪು ಹೊಳೆಯುವ ಪ್ಲಾಸ್ಟಿಕ್ ಪಟ್ಟಿ ಇರುತ್ತದಲ್ಲ, ಅದನ್ನು ಒಣ ಬಟ್ಟೆಯಲ್ಲಿ ಗಟ್ಟಿಯಾಗಿ ಒರೆಸಲೇಬೇಡಿ. ಮರಳಿನ ಕಣ ಗೀರಿದ ಗೆರೆ ಆಮೇಲೆ ಬಿಸಿಲು ಬಿದ್ದಾಗಲೆಲ್ಲ ಕಾಣುತ್ತದೆ.

ದೇವಸ್ಥಾನಕ್ಕೆ ಹೋಗಿ ಬಂದವರ ಕಾರಿನಲ್ಲಿ ಇನ್ನೊಂದು ಐಟಂ ಇರುತ್ತದೆ: ಬಾಳೆಲೆ ಚೂರಿನಲ್ಲಿ ಕೊಟ್ಟ ಗಂಧ, ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಮರೆತು, ಒಣಗಿ ಸಿಮೆಂಟಿನ ಹಾಗೆ ಅಂಟಿಕೊಂಡದ್ದು. ಉಗುರು ಹಾಕಿ ಕೆರೆಯಬೇಡಿ. ಧೂಳೆಲ್ಲ ತೆಗೆದಾದ ಮೇಲೆ ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಸಿಡಿ, ನೆನೆದು ತಾನೇ ಎದ್ದು ಬರುತ್ತದೆ.

ಸೀಟು ಪೂರ್ತಿ ಮುಂದೆ ತಳ್ಳಿ ಹಿಂದಿನ ಭಾಗ, ಹಿಂದೆ ತಳ್ಳಿ ಮುಂದಿನ ಭಾಗ. ಹಳಿಯ ಸಂದಿಯಲ್ಲಿ ಚಿಲ್ಲರೆ, ನೇಂದ್ರ ಚಿಪ್ಸಿನ ಪುಡಿ, ಅಡಿಕೆ ಮೂಟೆಯಿಂದ ಉದುರಿದ ಸಿಪ್ಪೆ, ಎಲ್ಲ ಸಿಗುತ್ತದೆ. ಸೀಟಿನ ಅಡಿಯಲ್ಲಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿಗೆ ಸಂಬಂಧಪಟ್ಟದ್ದು. ಎಳೆಯಬೇಡಿ, ನೀರು ತಾಗಿಸಬೇಡಿ. ಬೇಕಲದ ಬೀಚಿಗೋ ಕಣ್ವತೀರ್ಥದ ಬೀಚಿಗೋ ಹೋಗಿ ಹೊಯಿಗೆ (ಮರಳು) ತುಂಬಿಸಿಕೊಂಡು ಬಂದಿದ್ದರೆ ಸುಮ್ನೆ ಪೈಪು ಎಳೆದರೆ ಆಗುವುದಿಲ್ಲ. ಕಾರ್ಪೆಟನ್ನು ಅಂಗೈಯಲ್ಲಿ ತಟ್ಟುತ್ತಾ ಪೈಪು ಹಿಡಿಯಿರಿ, ಅಡಿಗೆ ಇಳಿದ ಹೊಯಿಗೆ ಕುಣಿಯುತ್ತಾ ಮೇಲೆ ಬರುತ್ತದೆ. ನಾಯಿಯ ಕೂದಲಿಗೆ ರಬ್ಬರ್ ಗ್ಲೌಸ್ ಹಾಕಿ ಒಂದೇ ದಿಕ್ಕಿಗೆ ಸವರಿ.

ಈಗ ನೀರು. ಅರ್ಧ ಬಕೆಟಿಗೆ ನಾಲ್ಕು ಹನಿ ಶಾಂಪೂ ಸಾಕು. ಬಟ್ಟೆ ಚೆನ್ನಾಗಿ ಹಿಂಡಿ ಒರೆಸಿ, ಹಿಂದೆಯೇ ಒಣ ಬಟ್ಟೆ. ಬಟ್ಟೆ ಕೆಂಪಾದ ಕೂಡಲೇ ಮಡಿಕೆ ಬದಲಿಸಿ, ಇಲ್ಲದಿದ್ದರೆ ತೆಗೆದ ಧೂಳನ್ನೇ ಮತ್ತೆ ಬಳಿದ ಹಾಗೆ. ಸ್ಪ್ರೇ ಇದ್ದರೆ ಬಟ್ಟೆಗೆ ಹೊಡೆಯಿರಿ, ಬಟನ್ನಿನ ಮೇಲೆ ಅಲ್ಲ. ಟಚ್ ಸ್ಕ್ರೀನಿಗೆ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬೇಡ, ಮೇಲಿನ ಲೇಪ ಹಾಳಾಗುತ್ತದೆ. ಸೀಟ್ ಬೆಲ್ಟ್ ಪೂರ್ತಿ ಹೊರಗೆಳೆದು ಇದೇ ಶಾಂಪೂ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಒಳಗೆ ಬಿಡಿ. ಬ್ಲೀಚ್ ಅಂತೂ ಬೇಡವೇ ಬೇಡ, ನೂಲಿನ ಬಲ ಹೋಗುತ್ತದೆ. ಹಿಂದಿನ ಗ್ಲಾಸಿನ ಒಳಗೆ ಡಿಫಾಗರಿನ (ಗ್ಲಾಸಿನ ಮಂಜು ತೆಗೆಯುವ ಹೀಟರಿನ) ಗೆರೆ ಇದ್ದರೆ ಗೆರೆಯ ಉದ್ದಕ್ಕೇ ಒರೆಸಿ, ಅಡ್ಡ ಉಜ್ಜಬೇಡಿ.

ಕೊನೆಗೆ ಪಾಲಿಶ್ ಹೊಡೆದು ಡ್ಯಾಶ್‌ಬೋರ್ಡ್ ಪಳಪಳ ಮಾಡುವ ಆಸೆ ಹಲವರಿಗೆ. ನನಗೆ ಅದು ಸರಿ ಕಾಣುವುದಿಲ್ಲ. ಆ ಹೊಳಪು ಮುಂದಿನ ಗ್ಲಾಸಿನಲ್ಲಿ ಪ್ರತಿಫಲಿಸಿ ಮಧ್ಯಾಹ್ನ ರಸ್ತೆ ಸರಿಯಾಗಿ ಕಾಣುವುದಿಲ್ಲ, ಜಿಡ್ಡು ಉಳಿದರೆ ಮರುದಿನದ ಧೂಳೆಲ್ಲ ಅಲ್ಲೇ ಹಿಡಿಯುತ್ತದೆ. ಸ್ಟೇರಿಂಗ್, ಪೆಡಲಿಗಂತೂ ಹಚ್ಚಲೇಬಾರದು, ಜಾರುತ್ತದೆ.

ಮಳೆಗಾಲದ ಕಥೆ ಬೇರೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಆಟಿ ತಿಂಗಳಲ್ಲಿ ಕಾರು ವಾರಗಟ್ಟಲೆ ನಿಂತರೆ ಸೀಟ್ ಬೆಲ್ಟಿನಲ್ಲಿ, ಸ್ಟೇರಿಂಗಿನಲ್ಲಿ ಬಿಳಿ ಬೂಷ್ಟು ಬರುತ್ತದೆ. ಅದನ್ನು ಒಣ ಬ್ರಷ್‌ನಲ್ಲಿ ಹಾರಿಸಬೇಡಿ, ಇಲ್ಲಿ ಮಾತ್ರ ನೀರು ಮೊದಲು. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆದು, ಬಿಸಿಲು ಕಂಡ ದಿನ ಬಾಗಿಲು ತೆರೆದಿಡಿ. ಒದ್ದೆ ಮ್ಯಾಟ್ ಹಾಕಿಟ್ಟರೆ ಮತ್ತೆ ಬರುತ್ತದೆ.

ಎಷ್ಟು ಒರೆಸಿದರೂ ಎಸಿ ಹಾಕಿದ ಕೂಡಲೇ ಮಣ್ಣಿನ ವಾಸನೆ ಬಂದರೆ, ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ನೋಡಿ. ಹೆಚ್ಚಿನ ಕಾರುಗಳಲ್ಲಿ ಗ್ಲವ್ ಬಾಕ್ಸಿನ ಹಿಂದೆ ಇರುತ್ತದೆ, ಹೊರಗೆ ತೆಗೆಯಲು ಮೆಕ್ಯಾನಿಕ್ ಬೇಕಾಗಿಲ್ಲ. ಕೆಂಪಾಗಿ ಕಟ್ಟಿಕೊಂಡಿದ್ದರೆ ಹೊಸದು ಹಾಕಿ, ಅದರ ಮೇಲಿನ ಬಾಣದ ಗುರುತು ಹಳೆಯದರಲ್ಲಿ ಇದ್ದ ದಿಕ್ಕಿಗೇ ಇರಲಿ. ಲಾರಿಯ ಹಿಂದೆ ಸಿಕ್ಕಿಬಿದ್ದಾಗ ಎಸಿಯನ್ನು ಒಳಗಿನ ಗಾಳಿಯೇ ತಿರುಗುವ ಮೋಡ್‌ಗೆ ಹಾಕಿ. ಬ್ರಷ್ ಬಾಗಿಲಿನ ಪಾಕೆಟಿನಲ್ಲೇ ಇರಲಿ, ರೈಲ್ವೆ ಗೇಟು ಬಿದ್ದು ಕಾಯುವಾಗ ಡ್ಯಾಶ್‌ಬೋರ್ಡಿನ ಒಂದು ಸುತ್ತು ಆಗಿಹೋಗುತ್ತದೆ.