ಬೇಸ್‌ಮೆಂಟ್ ಬಾತ್‌ರೂಮ್ ತೇವ ಕೊನೆಗೂ ನಿಂತಿತು

ಅಮೆರಿಕದ ಮಿನೆಸೋಟಾ ಚಳೀಲಿ ನಮ್ಮ ಬೇಸ್‌ಮೆಂಟ್ ಶವರ್‌ನ ಹೊರಗೋಡೆ ಕಡೆ ಯಾವಾಗ್ಲೂ ಒದ್ದೆ, ಮೂಲೇಲಿ ಬೂಷ್ಟು. ಟೈಲ್ಸ್ ನಡುವೆ ತುಂಬೋ ಗ್ರೌಟ್ ಸಂದಿಯಿಂದ ನೀರು ಒಳಗೆ ಇಳಿದೇ ಇಳಿಯುತ್ತೆ, ಜೊತೆಗೆ ರೂಮಿನ ಬಿಸಿ ಹಬೆ ತಣ್ಣಗಿರೋ ಕಾಂಕ್ರೀಟಿಗೆ ತಾಗಿ ಹಿಂದುಗಡೆನೂ ಬೆವರುತ್ತೆ. ಎಲ್ಲಾ ಕಿತ್ತು, ಕಾಂಕ್ರೀಟಿಗೆ ಒತ್ತಿಕೊಂಡ ಹಾಗೆ ಚಳಿ ತಡೆಯೋ 2 ಇಂಚು ಫೋಮ್ ಬೋರ್ಡ್ ಅಂಟಿಸಿ ಜಾಯಿಂಟ್‌ಗೆಲ್ಲ ಟೇಪ್ ಹಾಕಿದ್ವಿ, ಆಮೇಲೆ ಫ್ರೇಮು, ಸಿಮೆಂಟ್ ಬೋರ್ಡು, ಅದರ ಮೇಲೆ ನೀರು ಇಳಿಯದ ಹಾಗೆ ಬಳಿಯೋ ಲಿಕ್ವಿಡ್ ಮೆಂಬ್ರೇನ್ 2 ಕೋಟು, ಮೂಲೆಗಳಿಗೆ ಫ್ಯಾಬ್ರಿಕ್ ಪಟ್ಟಿ. ಮೆಂಬ್ರೇನ್ ಹಿಂದೆ ಪ್ಲಾಸ್ಟಿಕ್ ಶೀಟ್ ಮಾತ್ರ ಹಾಕ್ಬೇಡಿ, ಎರಡರ ಮಧ್ಯೆ ತೇವ ಸಿಕ್ಕಿಹಾಕ್ಕೊಂಡ್ರೆ ಒಣಗೋಕೆ ದಾರೀನೇ ಇರಲ್ಲ. ನೆಲಕ್ಕೆ ಡ್ರೈನ್ ಕಡೆ ಪ್ರತಿ ಒಂದು ಅಡಿಗೆ ಕಾಲಿಂಚು ಇಳಿಜಾರು. ಡ್ರೈನ್ ಮುಚ್ಚಿ 24 ಗಂಟೆ ನೀರು ತುಂಬಿಸಿಟ್ಟು ಸೋರುತ್ತಾ ಅಂತ ನೋಡದೆ ಟೈಲ್ಸ್ ಮುಟ್ಟಲೇಬೇಡಿ. ಹಬೆ ಎಳೆಯೋ ಫ್ಯಾನ್ ಪೈಪಿಗೂ ಇನ್ಸುಲೇಶನ್ ಸುತ್ತಿ ಮನೆ ಹೊರಗೇ ಬಿಡಿ, ಇಲ್ಲಾಂದ್ರೆ ಹಬೆ ಪೈಪಲ್ಲೇ ನೀರಾಗಿ ವಾಪಸ್ ತೊಟ್ಟಿಕ್ಕುತ್ತೆ.