ಬ್ಯಾಟರಿ ಬದಲಿಸಿದ್ರಾ? ವಿಮಾನವನ್ನು ಮತ್ತೆ ತೂಕಕ್ಕಿಡಿ

ಗೆಳೆಯರೇ, ನಾವೇ ಕಟ್ಟಿದ ವಿಮಾನದಲ್ಲಿ ಲೆಡ್-ಆಸಿಡ್ ಬ್ಯಾಟರಿ ತೆಗೆದು ಲಿಥಿಯಂ ಹಾಕುವವರಿಗೆ ಒಂದು ಮಾತು. ತೂಕ ಇಳಿಯಿತು ಅಂತ ಸುಮ್ನೆ ಹಾರಿಸಬೇಡಿ. ಬ್ಯಾಟರಿ ಮೂತಿಯ ಕಡೆ ಇದ್ದರೆ, ಅಲ್ಲಿ ಹಗುರಾದಷ್ಟೂ ಬಾಲ ಭಾರವಾದಂತೆ ಅಲ್ವಾ?

ವಿಮಾನ 340 ಕೆಜಿ ಅಂದುಕೊಳ್ಳಿ. ಸಮತೋಲನ ಬಿಂದುವಿನಿಂದ (ಇಡೀ ವಿಮಾನದ ತೂಕ ಸಮನಾಗಿ ತೂಗುವ ಜಾಗ) 1.2 ಮೀಟರ್ ಮುಂದೆ 4 ಕೆಜಿ ಕಡಿಮೆಯಾದರೆ, ಆ ಬಿಂದು ಸುಮಾರು 1.4 ಸೆಂ.ಮೀ. ಹಿಂದಕ್ಕೆ ಸರಿಯುತ್ತದೆ. ಕೇಳೋಕೆ ಚಿಕ್ಕದು. ಆದರೆ ಆ ಬಿಂದು ಹಿಂಬದಿಯ ಮಿತಿ ದಾಟಿದರೆ, ಸ್ಟಾಲ್ ಆದಾಗ (ರೆಕ್ಕೆ ಎತ್ತುವ ಬಲ ಕಳೆದುಕೊಂಡಾಗ) ಮೂತಿ ಇಳಿಸುವುದು ಕಷ್ಟ, ಸ್ಪಿನ್‌ನಿಂದ (ಸ್ಟಾಲ್ ಆದ ವಿಮಾನ ಸುತ್ತುತ್ತಾ ಬೀಳುವುದು) ಹೊರಬರುವುದು ಇನ್ನೂ ಕಷ್ಟ.

ಮೂರೂ ಚಕ್ರಗಳ ಕೆಳಗೆ ಒಂದೊಂದು ತೂಕದ ಯಂತ್ರ ಇಡಿ. ಗಾಳಿ ಆಡದ ಹಾಗೆ ಬಾಗಿಲು ಮುಚ್ಚಿ. ನನ್ನದು ಬಾಲದಲ್ಲಿ ಚಕ್ರ ಇರುವ ವಿಮಾನ. ಆ ಚಕ್ರದಡಿ, ತೂಕದ ಯಂತ್ರದ ಮೇಲೆ ಗಟ್ಟಿ ಸ್ಟೂಲ್ ಇಟ್ಟು, ವಿಮಾನ ಮಟ್ಟವಾಗಿ ರಸಮಟ್ಟದ ಗುಳ್ಳೆ ಸರಿಯಾಗಿ ನಡುವೆ ನಿಲ್ಲುವವರೆಗೆ ತೆಳ್ಳಗಿನ ಹಲಗೆ ಚೂರು ಸೇರಿಸುತ್ತೇನೆ. ಆಮೇಲೆ ಸ್ಟೂಲ್, ಹಲಗೆಗಳ ತೂಕ ಕಳೆಯಲೇಬೇಕು.

ಟ್ಯಾಂಕ್ ಮುಂದುಗಡೆ ಇದ್ದರೆ, ಇಂಧನ ಮುಗಿಯುತ್ತಾ ಬಂದು ಹಿಂದೆ ಲಗೇಜ್ ತುಂಬಿರುವ ಸ್ಥಿತಿಗೂ ಲೆಕ್ಕ ಹಾಕಿ. ಜಾಸ್ತಿ ಅಪಾಯ ಇರೋದು ಅಲ್ಲೇ.